ಮೊದಲನೇ ಏಟು

ಹೊಸ ಅಂಗಡಿಯ ಬೋರ್ಡಿಗೆ ಅಡ್ಡವೆಂದು ನಾಗಭೂಷಣಯ್ಯನವರು ರಸ್ತೆಬದಿಯ ಹೊಂಗೆಮರ ಕಡಿಯಲು ಚೆಲುವಯ್ಯನನ್ನು ಕರೆಸಿದರು.

"ಅರಣ್ಯ ಇಲಾಖೆ ಪರ್ಮಿಷನ್ನು, ಸ್ವಾಮಿ?"

"ಸಾಹೇಬರು ಬಾಯಲ್ಲೇ ಹೇಳಿದಾರೆ. ನಿನಗ್ಯಾಕಯ್ಯ ಅದೆಲ್ಲ? ಕಾಫಿ ಕುಡಿ."

ಯಾವತ್ತೂ ನೀರು ಕೂಡ ಕೊಡದ ಮನುಷ್ಯ ಕಾಫಿ ಕೊಟ್ಟಾಗಲೇ ಚೆಲುವಯ್ಯನಿಗೆ ಗುಮಾನಿ ಬಂತು. ಕಾಫಿ ಮುಗಿಸಿದ. ಮರಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದ. ಆಮೇಲೆ ಕೊಡಲಿಯನ್ನು ನಾಗಭೂಷಣಯ್ಯನವರ ಕೈಗೇ ಕೊಟ್ಟ.

"ಮೊದಲನೇ ಏಟು ಕಡಿಸೋರದ್ದೇ ಆಗಬೇಕು, ಸ್ವಾಮಿ. ನಮ್ಮಪ್ಪನ ಕಾಲದ ಪದ್ಧತಿ. ಮರ ಕಡಿದ ಪಾಪ ಕೂಲಿಯವನಿಗೆ ತಟ್ಟಬಾರದು, ನೋಡಿ."

ನಾಗಭೂಷಣಯ್ಯ ಕೊಡಲಿ ಎತ್ತಿ ಆ ಕಡೆ ಈ ಕಡೆ ನೋಡಿದರು. ಎದುರುಮನೆ ಮೇಷ್ಟ್ರು ಮೊಬೈಲು ಹಿಡಿದು ಗೇಟಿಗೆ ಬಂದಿದ್ದರು. ಕೊಡಲಿ ಕೆಳಗಿಳಿಯಿತು.

"ಇವತ್ತು ಮಂಗಳವಾರ. ಬೇಡ ಬಿಡು."

ಚೆಲುವಯ್ಯ ಕೊಡಲಿ ಹೆಗಲಿಗೇರಿಸಿದ.

"ಆಗಲಿ ಸ್ವಾಮಿ. ಬೆಳಿಗ್ಗೆ ನೀವು ಕರೆಸಿದಾಗ ಗುರುವಾರ ಇತ್ತು. ಕಾಫಿ ಕುಡಿದು ಏಳೋದರೊಳಗೆ ಮಂಗಳವಾರ ಆಗೋಯ್ತು."