ಸುಳ್ಳಾಡುವ ಮುಳ್ಳು

ಹೊಟ್ಟೆ ತುಂಬಿದಾಗ ಸುಳ್ಳು ಹೇಳುತ್ತದೆ, ಅರೆಹೊಟ್ಟೆಯಲ್ಲೂ ಸುಳ್ಳೇ ಹೇಳುತ್ತದೆ, ಹಸಿದು ಸತ್ತ ಮೇಲೆ ಮಾತ್ರ ಸತ್ಯ ನುಡಿಯುತ್ತದೆ. ಅದು ಯಾವುದು?

ವಿಮಾನ ಹಾರಿಸಲು ಕಲಿಯಬೇಕೆಂದು ಬಂದವರಿಗೆಲ್ಲ ಗುರುಗಳು ಮೊದಲು ಹಾಕುತ್ತಿದ್ದ ಒಗಟು ಇದು. ಯಾರಿಂದಲೂ ಬಿಡಿಸಲು ಆಗುತ್ತಿರಲಿಲ್ಲ. ಒಬ್ಬ 'ವಕೀಲ' ಎಂದ. ಇನ್ನೊಬ್ಬ 'ನನ್ನ ಸೋದರಮಾವ' ಎಂದ. ಗುರುಗಳು ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ.

ಮಲ್ಲಿನಾಥನಿಗೆ ಉತ್ತರ ಸಿಕ್ಕಿದ್ದು ಬಿದ್ದ ಮೇಲೆ. ಬಿದ್ದದ್ದು ನಿಜವಾದ ಆಕಾಶದಿಂದಲ್ಲ. ಶೆಡ್ಡಿನೊಳಗೆ ಒಂದು ಆಟದ ವಿಮಾನವಿತ್ತು. ಒಂದು ಸೀಟು, ಒಂದು ಹಿಡಿಕೆ, ಎದುರಿಗೆ ಪರದೆ, ಪರದೆಯ ಕೆಳಗೆ ವೇಗ, ಎತ್ತರ, ಇಂಧನ ತೋರಿಸುವ ಮುಳ್ಳುಗಳ ಸಾಲು. ನಿಜ ವಿಮಾನ ಏರುವ ಮೊದಲು ಎಲ್ಲರೂ ಇದರಲ್ಲೇ ಕಲಿಯಬೇಕು. ಇಂಧನದ ಮುಳ್ಳು ಇನ್ನೂ ಕಾಲು ಭಾಗ ಇದೆ ಎನ್ನುತ್ತಿರುವಾಗಲೇ ಎಂಜಿನ್ ಉಸಿರು ನಿಲ್ಲಿಸಿತು. ಪರದೆಯ ಮೇಲಿನ ಜೋಳದ ಹೊಲ ಮುಖಕ್ಕೇ ಬಂದು ಬಡಿಯಿತು. ಆಮೇಲೆ ಮುಳ್ಳು ಮೆಲ್ಲಗೆ ಸೊನ್ನೆಗೆ ಇಳಿದು, ತನಗೇನೂ ಗೊತ್ತೇ ಇಲ್ಲವೆಂಬಂತೆ ಕುಳಿತಿತು.

ಮಲ್ಲಿನಾಥ ಕಂಪ್ಯೂಟರಿನ ಒಳಹೊರಗು ಬಲ್ಲವನು. ಮುಳ್ಳನ್ನು ಸರಿಮಾಡಿದ. ಮರುದಿನ ಅದು ಮತ್ತೆ ಸುಳ್ಳು ಹೇಳಿತು. ಮತ್ತೆ ಸರಿಮಾಡಿದ. ಮತ್ತೆ ಕೆಟ್ಟಿತು. ಯಾರೋ ಕೈಯಾಡಿಸುತ್ತಿದ್ದಾರೆ ಎಂಬುದು ಖಾತ್ರಿಯಾಯಿತು. ಅಂದಿನಿಂದ ಕಂಡವರೆಲ್ಲ ಕಳ್ಳರಾಗಿ ಕಂಡರು. ಅದರಲ್ಲೂ ಜೊತೆಗೆ ಕಲಿಯುತ್ತಿದ್ದ ಬಸವಂತನ ಮೇಲೆ ಅವನಿಗೆ ಗುಮಾನಿ ಹೆಚ್ಚು. ಅದೇ ಸೀಟಿನಲ್ಲಿ ಕೂತು, ಅದೇ ಮುಳ್ಳು ನೋಡಿಯೂ ಬಸವಂತನ ಎಂಜಿನ್ ಒಮ್ಮೆಯೂ ನಿಂತಿರಲಿಲ್ಲ.

"ಲೋ ಬಸವಂತ, ನಿನ್ನೆ ಶೆಡ್ಡಿನ ಕಡೆ ಯಾರಾದರೂ ಹೋಗಿದ್ದರೇನೋ?"

"ನಾನೇ ಹೋಗಿದ್ದೆ. ನಿನ್ನ ಹೆಣ ಎತ್ತಬೇಕಿತ್ತಲ್ಲ," ಎಂದ ಬಸವಂತ, ಕಡಲೆಕಾಯಿ ಸುಲಿಯುತ್ತ.

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಇವನು ಮುಟ್ಟಿಕೊಳ್ಳಲಿಲ್ಲ. ಮುಟ್ಟಿಕೊಳ್ಳದಷ್ಟು ಪಳಗಿದ ಕಳ್ಳ ಎಂದುಕೊಂಡ ಮಲ್ಲಿನಾಥ.

ಮರುದಿನ ಬೆಳಿಗ್ಗೆ ಮಲ್ಲಿನಾಥ ಮೊದಲ ಬಾರಿಗೆ ನಿಜವಾದ ವಿಮಾನದಲ್ಲಿ ಒಬ್ಬನೇ ಹಾರುವುದೆಂದು ಮಾತಾಗಿತ್ತು. ಅದರ ಬೀಗದ ಕೈ ಗುರುಗಳ ಜೇಬಿನಲ್ಲಿತ್ತು. ಅವರು ಕೊಟ್ಟರೆ ಆಕಾಶ, ಕೊಡದಿದ್ದರೆ ಮತ್ತೆ ಶೆಡ್ಡು. ಹಾರುವ ಮೊದಲೇ ಕಳ್ಳನನ್ನು ಹಿಡಿದುಬಿಡಬೇಕೆಂದು ಮಧ್ಯಾಹ್ನ ಅವನು ಗುರುಗಳ ಎದುರು ಹೋಗಿ ನಿಂತ. ಬಸವಂತನೂ ಹಿಂದೆಯೇ ಬಂದು ಬಾಗಿಲಿಗೆ ಒರಗಿದ.

"ಗುರುಗಳೇ, ಆಟದ ವಿಮಾನದ ಇಂಧನದ ಮುಳ್ಳನ್ನು ಕೆಡಿಸುತ್ತಿರುವವರು ಯಾರು?"

"ನಾನು," ಎಂದರು ಗುರುಗಳು.

ಬಸವಂತನಿಗೆಂದು ಮಸೆದು ತಂದಿದ್ದ ಮಾತನ್ನು ಮಲ್ಲಿನಾಥ ಗುರುಗಳತ್ತಲೇ ತಿರುಗಿಸಿದ.

"ಯಾಕೆ ಗುರುಗಳೇ? ನಿಜ ವಿಮಾನದ ಮುಳ್ಳು ಸುಳ್ಳು ಹೇಳಿದರೆ ಅದು ನಮ್ಮ ಹಣೆಬರಹ. ಆಟದ್ದನ್ನಾದರೂ ನೆಟ್ಟಗೆ ಇಡಬಹುದಲ್ಲ?"

"ಅದರ ಪಕ್ಕದಲ್ಲಿ ಒಂದು ಡಬ್ಬಿ ಇದೆ. ಯಾವತ್ತಾದರೂ ಮುಚ್ಚಳ ತೆಗೆದಿದ್ದೀಯಾ?"

ನಿಜ ವಿಮಾನ ಏರುವ ಮೊದಲು ರೆಕ್ಕೆಯ ಟ್ಯಾಂಕಿಗೆ ಗೆರೆ ಕೊರೆದ ಕಡ್ಡಿಯೊಂದನ್ನು ಅದ್ದಿ, ಅದು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಕಣ್ಣಾರೆ ನೋಡುವುದು ಅಲ್ಲಿನ ಪದ್ಧತಿ. ಆಟದ ವಿಮಾನಕ್ಕೆ ಟ್ಯಾಂಕ್ ಎಲ್ಲಿಂದ ಬರಬೇಕು? ಅದಕ್ಕೇ ಗುರುಗಳು ಡಬ್ಬಿಯೊಂದರಲ್ಲಿ ನೀರು ಹಾಕಿ, ಪಕ್ಕದಲ್ಲಿ ಕಡ್ಡಿ ಇಟ್ಟಿದ್ದರು. ಆ ದಿನ ಆಟದ ವಿಮಾನಕ್ಕೆ ಎಷ್ಟು ಇಂಧನ ಕೊಟ್ಟಿದ್ದಾರೋ ಡಬ್ಬಿಯಲ್ಲಿ ಅಷ್ಟೇ ನೀರು. ಮಲ್ಲಿನಾಥ ಅದರ ಮುಚ್ಚಳದ ಮೇಲೆ ಚಹಾದ ಲೋಟ ಇಡುತ್ತಿದ್ದ.

"ಆಟದ ವಿಮಾನಕ್ಕೆ ಕಡ್ಡಿ ಅದ್ದುವುದೇ? ಗೊಂಬೆಗೆ ಜ್ವರ ನೋಡಿದ ಹಾಗಾಯಿತು, ಗುರುಗಳೇ."

"ಹಾಗಾದರೆ ಕೂತುಕೋ. ಒಂದು ಕತೆ ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗುರುವಿದ್ದ. ಅವನಲ್ಲೂ ಒಂದು ಆಟದ ವಿಮಾನವಿತ್ತು. ಅದರ ಇಂಧನದ ಮುಳ್ಳು ನಿಜ ವಿಮಾನದ ಮುಳ್ಳಿನ ತದ್ರೂಪು. ವಿಮಾನ ಓಲಾಡಿದರೆ ತಾನೂ ಓಲಾಡುತ್ತಿತ್ತು. ಮೂಗೆತ್ತಿದರೆ ಒಂದು ಹೇಳುತ್ತಿತ್ತು, ಮೂಗು ತಗ್ಗಿಸಿದರೆ ಇನ್ನೊಂದು ಹೇಳುತ್ತಿತ್ತು. ಒಬ್ಬ ಶಿಷ್ಯ ಬಂದು, ಈ ಮುಳ್ಳು ನನಗೆ ಮೋಸ ಮಾಡುತ್ತಿದೆ ಎಂದು ಅತ್ತ. ಗುರುವಿನ ಕರುಳು ಚುರುಕ್ಕೆಂದಿತು. ಮುಳ್ಳನ್ನು ಸರಿಮಾಡಿಸಿದ. ಆಮೇಲೆ ಅದು ಎಳ್ಳಷ್ಟೂ ತಪ್ಪು ಹೇಳಲಿಲ್ಲ. ಶಿಷ್ಯ ಅದನ್ನೇ ನೋಡಿ ನೋಡಿ ಕಲಿತ.

ಹಾರುವ ದಿನ ಬಂತು. ನಿಜ ವಿಮಾನದ ಪಕ್ಕದಲ್ಲಿ ಮೇಸ್ತ್ರಿ ಕಡ್ಡಿ ಹಿಡಿದು ನಿಂತಿದ್ದ. 'ಮುಳ್ಳು ಅರ್ಧ ಅನ್ನುತ್ತಿದೆಯಲ್ಲ, ಕಡ್ಡಿ ಯಾಕಪ್ಪ?' ಎಂದ ಶಿಷ್ಯ. ಒಬ್ಬನೇ ಏರಿದ. ಬೆಟ್ಟದ ಸಾಲು ದಾಟಿದ. ಅಲ್ಲಿಂದಾಚೆಗೆ ಅವನ ರೇಡಿಯೊ ಯಾರಿಗೂ ಕೇಳುತ್ತಿರಲಿಲ್ಲ. ಅಲ್ಲೇ ಎಂಜಿನ್ ನಿಂತಿತು. ಶಿಷ್ಯ ಮುಳ್ಳಿನ ಗಾಜಿಗೆ ಬೆರಳಿನಿಂದ ತಟ್ಟಿದ. 'ನನ್ನ ಗುರುವಿನ ಮನೆಯ ಮುಳ್ಳು ಹೀಗೆ ಮಾಡುತ್ತಿರಲಿಲ್ಲ' ಎಂದ. ಅದೇ ಅವನ ಕೊನೆಯ ಮಾತು. ವಿಮಾನ ಬಂಡೆಗೆ ಬಡಿದು ಪುಡಿಯಾಯಿತು. ಗುರು ಅವನ ಬೂದಿಯನ್ನು ಹೊಳೆಗೆ ಬಿಟ್ಟು ಬಂದ. ಬಂದವನೇ, ಆಟದ ವಿಮಾನದ ಮುಳ್ಳನ್ನು ತನ್ನ ಕೈಯಾರೆ ಕೆಡಿಸಿದ.

ಕತೆ ಮುಗಿಯಿತು. ಮಲ್ಲಿನಾಥ ಕಣ್ಣೊರೆಸಿಕೊಂಡ.

ಬಾಗಿಲ ಬಳಿ ಕಡಲೆಕಾಯಿಯ ಸದ್ದು ನಿಂತಿತ್ತು. "ಅಲ್ಲ ಗುರುಗಳೇ," ಎಂದ ಬಸವಂತ, "ಅವನ ಜೊತೆ ಮೇಲೆ ಇನ್ನೊಬ್ಬರು ಯಾರಾದರೂ ಇದ್ದರೇ?"

"ಇಲ್ಲ."

"ಮತ್ತೆ ಅವನು ಗಾಜಿಗೆ ತಟ್ಟಿದ್ದನ್ನು ನೋಡಿದವರು ಯಾರು?"

"ಸತ್ತವನ ವಿಷಯದಲ್ಲೂ ನಿನಗೆ ಕುಚೇಷ್ಟೆಯೇನೋ?" ಎಂದು ಮಲ್ಲಿನಾಥ ಅವನನ್ನು ಗದರಿದ. ಆಮೇಲೆ ಬಗ್ಗಿ ಗುರುಗಳ ಕಾಲು ಮುಟ್ಟಿದ. "ನನಗೆ ತಿಳಿಯಿತು, ಗುರುಗಳೇ. ಆ ಗುರು ನೀವೇ ಎಂಬುದೂ ತಿಳಿಯಿತು. ಇನ್ನು ಮುಂದೆ ಯಾವ ಮುಳ್ಳು ಏನು ಹೇಳಿದರೂ ಪರೀಕ್ಷೆ ಮಾಡದೆ ನಂಬುವುದಿಲ್ಲ. ನಾಳೆಗೆ ಬೀಗದ ಕೈ ಕೊಡಿ."

ಗುರುಗಳು ಜೇಬಿನಿಂದ ಬೀಗದ ಕೈ ತೆಗೆದರು. ಮಲ್ಲಿನಾಥ ಎರಡೂ ಕೈ ಒಡ್ಡಿದ. ಅವರು ಅವನನ್ನು ದಾಟಿ ಬಾಗಿಲವರೆಗೆ ನಡೆದು, ಅದನ್ನು ಬಸವಂತನ ಅಂಗೈಗೆ ಹಾಕಿದರು, ಕಡಲೆಕಾಯಿ ಸಿಪ್ಪೆಯ ಮೇಲೆಯೇ. ಆಮೇಲೆ ಮಲ್ಲಿನಾಥನತ್ತ ತಿರುಗಿದರು.

"ಇವನು ನನ್ನ ಕತೆಗೂ ಕಡ್ಡಿ ಅದ್ದಿ ನೋಡಿದ, ನೀನು ಕಣ್ಣೀರು ಹಾಕಿದೆ, ಕತೆಯ ಆ ಕೊನೆಯನ್ನು ನಾನು ಈಗ ಇಲ್ಲೇ ಕೂತು ಕಟ್ಟಿದ್ದು."