ಒಬ್ಬರಿಗಾಗುವಷ್ಟು ಗಂಜಿ

ಹಳೆಯ ಚೀನಾದಲ್ಲಿ ಪಾಳೇಗಾರರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುತ್ತಿದ್ದ ಕಾಲ. ಅಂಥವರಿಗೆ ಬುದ್ಧಿ ಹೇಳಿಯೂ ತಲೆ ಉಳಿಸಿಕೊಂಡವರು ಕಡಿಮೆ. ಅವರಲ್ಲೊಬ್ಬರು ಬೊ ಯುವಾನ್ ಗುರುಗಳು. ಮುಪ್ಪಿನಲ್ಲಿ ನದಿಯ ದಡದಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು.

ಒಂದು ಮಧ್ಯಾಹ್ನ ಅವರ ಶಿಷ್ಯ ಜಿಯಾನ್ ಬಂದು ಬಾಗಿಲಲ್ಲೇ ಕುಸಿದು ಕೂತ. ಪಾಳೇಗಾರ ಮೆಂಗನ ಆಸ್ಥಾನಕ್ಕೆ ಅವನು ಸಲಹೆಗಾರನಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ.

"ನನ್ನ ಮಾತು ನಡೆಯಲಿಲ್ಲ ಗುರುಗಳೇ."

ಮೆಂಗನಿಗೆ ಕೋಪ ಮೂಗಿನ ತುದಿಯಲ್ಲೇ. ಯುದ್ಧದಲ್ಲಿ ಸೆರೆಸಿಕ್ಕ ರೈತರನ್ನೆಲ್ಲ ಹುಣ್ಣಿಮೆಯ ದಿನ ಕೊಲ್ಲಿಸುವುದಾಗಿ ಸಾರಿದ್ದ. ಜಿಯಾನ್ ತುಂಬಿದ ಸಭೆಯಲ್ಲಿ ಎದ್ದು ನಿಂತು, ಇದು ಅಧರ್ಮ, ಹೇಡಿಗಳ ಕೆಲಸ ಎಂದುಬಿಟ್ಟ. ಸೇನಾಪತಿಗಳೆಲ್ಲ ದೊರೆಯ ಮುಖವನ್ನೇ ನೋಡಿದರು. ತಾನು ಸಾರಿದ ಮಾತನ್ನು ಅಷ್ಟು ಜನರ ಮುಂದೆ ಹಿಂತೆಗೆದುಕೊಂಡರೆ ದೊರೆಯ ಮರ್ಯಾದೆ ಎಲ್ಲಿ ಉಳಿದೀತು? ಆಜ್ಞೆ ಇನ್ನೂ ಗಟ್ಟಿಯಾಯಿತು. ಹುಣ್ಣಿಮೆ ಹತ್ತಿರದಲ್ಲೇ ಇತ್ತು.

"ಊಟ ಆಯಿತಾ?" ಎಂದರು ಗುರುಗಳು.

"ನಿಮ್ಮ ಮನೆಯಲ್ಲಿ ಉಣ್ಣುವ ಯೋಗ್ಯತೆ ನನಗಿಲ್ಲ."

ಗುರುಗಳು ಒತ್ತಾಯ ಮಾಡಲಿಲ್ಲ. ಒಲೆಯ ಮೇಲಿದ್ದ ನವಣೆ ಗಂಜಿಯ ಕಡೆ ನೋಡಿ ಮುಖ ಹಿಂಡಿದರು.

"ಬೆಳಗಿನಿಂದ ನನ್ನ ಹೊಟ್ಟೆ ಸರಿಯಿಲ್ಲ ಮಗು. ಈ ಗಂಜಿ ಸುಮ್ಮನೆ ಹಳಸಿಹೋಗುತ್ತೆ. ನನಗೊಂದು ಉಪಕಾರ ಮಾಡ್ತೀಯಾ?"

ಗುರುಗಳ ಕಷ್ಟ ಅಂದಮೇಲೆ ಇಲ್ಲವೆನ್ನುವುದು ಹೇಗೆ? ಜಿಯಾನ್ ಬೋಗುಣಿ ಎತ್ತಿಕೊಂಡ. ದಾರಿಯುದ್ದಕ್ಕೂ ಏನೂ ತಿಂದಿರಲಿಲ್ಲ; ತಳ ಕಾಣುವವರೆಗೂ ತಲೆ ಎತ್ತಲಿಲ್ಲ. ಗುರುಗಳು ಎದುರಿಗೆ ಕೂತು ನೋಡುತ್ತಿದ್ದರು.

ಅವನು ಕೈ ತೊಳೆದು ಬಂದಾಗ ಗುರುಗಳು ಬರಿದಾದ ಮಡಕೆಗೆ ನೀರು ಹಾಕಿ, ಅಲ್ಲಾಡಿಸಿ, ಅದನ್ನೇ ಕುಡಿಯುತ್ತಿದ್ದರು.

ಜಿಯಾನನ ಕಣ್ಣು ತುಂಬಿತು. "ನಿಮ್ಮ ಹೊಟ್ಟೆ ಚೆನ್ನಾಗೇ ಇದೆ. ಇದ್ದದ್ದು ಒಬ್ಬರಿಗಾಗುವಷ್ಟು ಗಂಜಿ."

"ಹಸಿದಿದ್ದೀಯ, ಕುಡಿ ಅಂದಿದ್ದರೆ ಕುಡಿಯುತ್ತಿದ್ದೆಯಾ?"

ಜಿಯಾನ್ ನಮಸ್ಕರಿಸಿ, ಬಂದ ದಾರಿಯಲ್ಲೇ ಹೊರಟ.

ಮೆಂಗ್ ದಿನಾ ಬೆಳಗ್ಗೆ ತನ್ನ ಕುದುರೆಗೆ ತಾನೇ ಮೇವು ಹಾಕುತ್ತಿದ್ದ. ಆ ಹೊತ್ತಿನಲ್ಲಿ ಲಾಯದ ಹತ್ತಿರ ಸೇನಾಪತಿಗಳು ಸುಳಿಯುತ್ತಿರಲಿಲ್ಲ. ಜಿಯಾನ್ ಅಲ್ಲಿಗೆ ಹೋಗಿ, ತಾನೊಂದು ಪೇಚಿಗೆ ಸಿಕ್ಕಿದ್ದೇನೆ ಎಂದು ತಲೆಬಾಗಿದ. ಗೆದ್ದ ಹೊಲಗಳನ್ನು ಬರುವ ವರ್ಷ ಉಳುವವರು ಯಾರು, ಕುದುರೆಗಳಿಗೆ ಮೇವು ಎಲ್ಲಿಂದ, ತನ್ನ ಮಂದ ತಲೆಗೆ ಹೊಳೆಯುತ್ತಿಲ್ಲ, ದೊರೆಗಳೇ ದಾರಿ ತೋರಿಸಬೇಕು ಎಂದ. ಮೆಂಗ್ ಕುದುರೆಯ ಕೊರಳು ಸವರುತ್ತಾ ಯೋಚನೆಗೆ ಬಿದ್ದ.

ಹುಣ್ಣಿಮೆಯ ದಿನ ಸಭೆಯಲ್ಲಿ ದೊರೆ, ಹೊಲ ಉಳಲು ಬೇಕೆಂದು, ಸೆರೆಯಾಳುಗಳನ್ನೆಲ್ಲ ಬಿಟ್ಟುಬಿಟ್ಟ. ಸಂಬಳ ತಿನ್ನುವ ಸಲಹೆಗಾರನಿಗೆ ಹೊಳೆಯದ್ದು ತನಗೆ ಹೊಳೆಯಿತು ಎಂದು ಜಿಯಾನನ ಕಡೆ ಕೈ ತೋರಿಸಿ ನಕ್ಕ. ಸಭೆಯೂ ನಕ್ಕಿತು.

ಜಿಯಾನ್ ಮತ್ತೆ ಗುರುಗಳಲ್ಲಿಗೆ ಬಂದಾಗ ಬಿಡುಗಡೆಯಾದ ರೈತರು ನದಿ ದಾಟಲು ದೋಣಿ ಹತ್ತುತ್ತಿದ್ದರು. ಮೆಂಗ್ ದೊರೆ ನೂರು ವರ್ಷ ಬಾಳಲಿ ಎಂದು ಮುದುಕನೊಬ್ಬ ಹರಸುತ್ತಿದ್ದ. ಜಿಯಾನನಿಗೆ ಸಂತೋಷವಾಯಿತು. ಒಳಗೆಲ್ಲೋ ನೋವೂ ಆಯಿತು.

"ಇವರಲ್ಲಿ ಒಬ್ಬರಿಗೂ ನಾನು ಯಾರೆಂದು ಗೊತ್ತಿಲ್ಲ ಗುರುಗಳೇ. ಆಸ್ಥಾನದಲ್ಲಿ ದಡ್ಡ ಅನ್ನಿಸಿಕೊಂಡೆ. ನನಗೇನು ಸಿಕ್ಕಿತು?"

ದೋಣಿ ಆಚೆ ದಡ ಮುಟ್ಟುವವರೆಗೂ ಗುರುಗಳು ಅದನ್ನೇ ನೋಡುತ್ತಿದ್ದರು. ಆಮೇಲೆ ಶಿಷ್ಯನ ಬೆನ್ನ ಮೇಲೆ ಕೈಯಿಟ್ಟರು.

"ಅವತ್ತು ನೀನು ಗಂಜಿ ಕುಡಿಯೋದನ್ನ ನೋಡ್ತಾ ಕೂತಿದ್ದೆನಲ್ಲ ಮಗು, ನನಗೆ ಹೊಟ್ಟೆ ತುಂಬಿಹೋಗಿತ್ತು."