ಚಿತ್ತಯ್ಯನ ಗಾಡಿಯಲ್ಲಿದ್ದ ಗಾಯಾಳು

ಕರಿಗುಡ್ಡದ ಕೋಟೆಗೆ ಮುತ್ತಿಗೆ ಬಿದ್ದಿತ್ತು. ಹಾಲಗೆರೆಯ ಪಾಳೇಗಾರನ ದಂಡು ಊರನ್ನು ಸುತ್ತುವರಿದು ಕೂತಿತ್ತು. ಒಳಗೆ ಕಣಜಗಳು ಖಾಲಿಯಾಗುತ್ತಿದ್ದವು, ಬಾವಿಗಳ ತಳದಲ್ಲಿ ಬರೀ ಕೆಸರು ಉಳಿದಿತ್ತು. ಇಬ್ಬರು ಪಾಳೇಗಾರರ ಹಗೆಗೆ ಹಸುಗೂಸುಗಳು ಸಾಯಬಾರದೆಂದು ಮಠದ ಸ್ವಾಮಿಗಳು ನಡುವೆ ನಿಂತು ಒಂದು ಒಪ್ಪಂದ ಮಾಡಿಸಿದರು. ಮುದುಕರು, ಹೆಂಗಸರು, ಮಕ್ಕಳು, ಕಾಯಿಲೆಯವರು ಗಾಡಿಗಳಲ್ಲಿ ಹೊರಟು ಹೊಳೆಯಾಚೆಯ ನೇರಳೆಪಟ್ಟಣ ಸೇರಬಹುದು. ಅವರನ್ನು ಯಾರೂ ತಡೆಯುವಂತಿಲ್ಲ. ಆದರೆ ಗಾಡಿಯಲ್ಲಿ ಕತ್ತಿ ಇರಕೂಡದು, ಕತ್ತಿ ಹಿಡಿಯುವವರೂ ಇರಕೂಡದು.

ಗಾಡಿಗಳ ಹೊಣೆ ಚಿತ್ತಯ್ಯನ ಮೇಲೆ ಬಿತ್ತು. ಕಾಳಗಕ್ಕೆ ಮೊದಲು ಅವನು ಹುಣಸೆಹಣ್ಣು, ಉಪ್ಪು ಹೇರಿಕೊಂಡು ಎರಡೂ ಊರಿನ ಸಂತೆಗೆ ಹೋಗಿ ಬರುತ್ತಿದ್ದ. ಎರಡೂ ಕಡೆಯವರಿಗೆ ಅವನ ಮುಖದ ಗುರುತಿತ್ತು. ಹೊಳೆಯ ದಾರಿಯಲ್ಲಿ ಹಾಲಗೆರೆಯವರದೊಂದು ಠಾಣೆ. ಅದರ ಮುಖ್ಯಸ್ಥ ಸೂರಪ್ಪನಾಯಕನ ಎದುರು ನಿಂತು ಚಿತ್ತಯ್ಯ ಹೇಳಿದ್ದ: "ಬುದ್ಧೀ, ನನ್ನ ಗಾಡಿಗಳಲ್ಲಿ ಮೋಸ ಇರಲ್ಲ. ಇದು ನನ್ನ ಮಾತು."

ಮೊದಲ ದಿನದ ಗಾಡಿಗಳು ಯಾವ ತೊಂದರೆಯೂ ಇಲ್ಲದೆ ಹೊಳೆ ದಾಟಿದವು. ಎರಡನೆಯ ದಿನ ಬೆಳಗ್ಗೆ ನೊಗಗಳಿಗೆ ಬಿಳಿ ಪಂಚೆ ಕಟ್ಟಿಕೊಂಡು ಮತ್ತೆ ಹೊರಟವು. ಊರಲ್ಲಿ ಇನ್ನೂ ಅರ್ಧ ಜನ ಉಳಿದಿದ್ದರು. ಅವರಲ್ಲಿ ಚಿತ್ತಯ್ಯನ ಹೆಂಡತಿಯೂ ಇದ್ದಳು, ಬಸುರಿ ಮಗಳೂ ಇದ್ದಳು. ಗಾಡಿ ನಿನ್ನದೇ ಆದಾಗ ನಿನ್ನ ಮನೆಯವರು ಮೊದಲು ಹತ್ತಬಾರದು ಎಂದು ಅವನೇ ಅವರನ್ನು ಹಿಂದಕ್ಕೆ ನಿಲ್ಲಿಸಿದ್ದ.

ಕುರುಚಲು ಕಾಡಿನ ನಡುವೆ ಒಂದು ಹಳ್ಳ ಇಳಿಯುವಾಗ ಚಿತ್ತಯ್ಯನಿಗೆ ನರಳಿದ ಸದ್ದು ಕೇಳಿಸಿತು. ಅವನದೇ ಗಾಡಿಯ ಒಳಗಿಂದ. ಕೂಡಲೇ ಅಲ್ಲಿ ಕೂತಿದ್ದ ಮಾರಕ್ಕ ಎಂಬ ಮುದುಕಿ ಜೋರಾಗಿ ಕೆಮ್ಮಿದಳು. ಮತ್ತೆ ನರಳಿಕೆ, ಮತ್ತೆ ಕೆಮ್ಮು. ಚಿತ್ತಯ್ಯ ಎತ್ತುಗಳನ್ನು ನಿಲ್ಲಿಸಿ ಕೆಳಗಿಳಿದ. ಗಾಡಿಯ ಹಲಗೆಯ ಸಂದಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಅವನು ಗಾಡಿಯಲ್ಲಿ ಹಾಸಿದ್ದ ಹುಲ್ಲು ಸರಿಸಿದ. ಕೆಳಗೆ ಮಾರಕ್ಕನ ಮಗ ಗಾದ್ರಪ್ಪ ಮಲಗಿದ್ದ. ಕೋಟೆಯ ಮೂಡಣ ಬಾಗಿಲು ಕಾಯುತ್ತಿದ್ದ ಬಂಟ ಅವನು. ಗುಂಡುಕಲ್ಲು ಬಿದ್ದು ಬಲಗಾಲು ಮೊಣಕಾಲಿನಿಂದ ಕೆಳಗೆ ನಜ್ಜುಗುಜ್ಜಾಗಿತ್ತು. ಜ್ವರಕ್ಕೆ ಮೈ ಕೆಂಡವಾಗಿತ್ತು.

ಹಿಂದಿನ ಗಾಡಿ ಹೊಡೆಯುತ್ತಿದ್ದ ಮುದ್ದಣ್ಣ ಓಡಿ ಬಂದ. ನೋಡಿದವನ ಮುಖ ಬಿಳಿಚಿಕೊಂಡಿತು.

"ಇವನು ಸಿಕ್ಕಿಬಿದ್ದರೆ ನಮ್ಮನ್ನೆಲ್ಲ ಕೊಚ್ಚಿಹಾಕ್ತಾರೆ ಮಾವ! ಊರಲ್ಲಿರೋರಿಗೂ ದಾರಿ ಮುಚ್ಚಿಹೋಗತ್ತೆ. ಇಲ್ಲೇ ಮರದ ಕೆಳಗೆ ಇಳಿಸಿಬಿಡು."

"ಇಳಿಸಿದರೆ ನಾಯಿ ನರಿ ತಿಂದುಹಾಕ್ತವೆ," ಎಂದು ಮಾರಕ್ಕ ಮಗನ ಮೇಲೆ ಬಾಗಿ ಅಡ್ಡ ಕೂತಳು. "ಚಿತ್ತಯ್ಯ, ನಿನ್ನ ಕಾಲಿಗೆ ಬೀಳ್ತೀನಿ. ನಿನ್ನೆ ಠಾಣೆಯವರು ಗಾಡಿ ತಡಕಲಿಲ್ಲವಂತೆ. ಇವತ್ತೂ ಕೇಳಿದರೆ ಯಾರೂ ಇಲ್ಲ ಅಂದುಬಿಡಪ್ಪ. ಒಂದು ಸುಳ್ಳು. ಒಂದೇ ಒಂದು."

ಎದೆಗೆ ಕೂಸು ಅವುಚಿಕೊಂಡ ಹೆಂಗಸೊಬ್ಬಳು ಕಿರುಚಿದಳು. "ನಿನ್ನ ಮಗನಿಗೋಸ್ಕರ ನಮ್ಮ ಮಕ್ಕಳು ಸಾಯಬೇಕಾ?"

ಚಿತ್ತಯ್ಯನಿಗೆ ಊರಲ್ಲೇ ಉಳಿದಿದ್ದ ಮಗಳ ಮುಖ ಕಣ್ಣಿಗೆ ಕಟ್ಟಿತು. ಇಳಿಸಿಬಿಡೋಣ ಎಂದು ಒಂದು ಗಳಿಗೆ ಅವನ ಮನಸ್ಸೂ ಹೇಳಿತು. ಗಾದ್ರಪ್ಪನ ತೋಳಿಗೆ ಕೈಯನ್ನೂ ಹಾಕಿದ. ಸುಡುವ ಆ ತೋಳು ಮುಟ್ಟಿದ ಮೇಲೆ ಎಳೆಯಲು ಕೈ ಬರಲಿಲ್ಲ.

"ಅಜ್ಜೀ, ಇವನನ್ನ ನಾನು ಇಳಿಸಲ್ಲ," ಎಂದ. ಮುದುಕಿಯ ಮುಖ ಅರಳುವ ಮೊದಲೇ ಮುಂದಿನ ಮಾತನ್ನೂ ಹೇಳಿದ. "ಸುಳ್ಳನ್ನೂ ಹೇಳಲ್ಲ."

"ಹಾಗಂದ್ರೆ? ಕೊಟ್ಟುಬಿಡ್ತೀಯಾ?"

ಠಾಣೆಯಲ್ಲಿ ಏನಾದೀತೆಂದು ಅವನಿಗೂ ಪೂರ್ತಿ ಗೊತ್ತಿರಲಿಲ್ಲ. ಉಳಿದ ಗಾಡಿಗಳು ಸ್ವಲ್ಪ ದೂರ ಬಿಟ್ಟು ಹಿಂದೆ ಬರಲಿ ಎಂದು ಮುದ್ದಣ್ಣನಿಗೆ ಹೇಳಿ ಎತ್ತುಗಳನ್ನು ಹೊಡೆದ. ಠಾಣೆಯವರೆಗೂ ಮಾರಕ್ಕ ಅವನನ್ನು ಶಪಿಸುತ್ತಲೇ ಬಂದಳು.

ಠಾಣೆ ನಿನ್ನೆಯಂತಿರಲಿಲ್ಲ. ಕೋಟೆಯಿಂದ ಬಂದ ಬಾಣಕ್ಕೆ ಅವರ ಕಡೆಯ ಒಬ್ಬ ಸತ್ತಿದ್ದ. ದಾರಿಗೆ ಅಡ್ಡಲಾಗಿ ಮುಳ್ಳಿನ ಕಂಟಿ ಎಳೆದಿದ್ದರು. ಬಂಟರು ಉದ್ದನೆಯ ಈಟಿ ಹಿಡಿದು ಎರಡೂ ಬದಿಗೆ ನಿಂತಿದ್ದರು. ಸೂರಪ್ಪನಾಯಕ ಮುಂದೆ ಬಂದು ನೊಗದ ಮೇಲೆ ಕೈಯಿಟ್ಟ.

"ಏನಯ್ಯಾ ಚಿತ್ತಯ್ಯ, ಗಾಡಿಗಳಲ್ಲಿ ನಿಮ್ಮ ಬಂಟರು ಯಾರಾದರೂ ಇದ್ದಾರಾ?"

"ಇದ್ದಾನೆ ಬುದ್ಧೀ. ಒಬ್ಬ. ನನ್ನ ಗಾಡಿಯಲ್ಲಿ."

ಮಾರಕ್ಕ ಚೀರಿದಳು. ಈಟಿಗಳು ಒಮ್ಮೆಲೇ ಗಾಡಿಯತ್ತ ತಿರುಗಿದವು. ಚಿತ್ತಯ್ಯ ಗಾಡಿಯ ಮುಂದಿನ ಮೂಕಿಯಿಂದ ಹಿಂದಕ್ಕೆ ಜಿಗಿದು ಗಾದ್ರಪ್ಪನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತ.  ಅಲ್ಲಿಂದಲೇ ಮಾತು ಮುಂದುವರಿಸಿದ.

"ಊರು ಬಿಡುವಾಗ ನನಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಗೊತ್ತಾಯ್ತು. ಮೊನ್ನೆವರೆಗೆ ಇವನು ಬಂಟ, ಇವತ್ತು ನೋಡಿ, ಎದ್ದು ಕೂರಲಾರ. ಕಾಯಿಲೆಯವರನ್ನ ಬಿಡ್ತೀವಿ ಅಂತ ನೀವೂ ಮಾತು ಕೊಟ್ಟಿದ್ದೀರಿ. ಇವನನ್ನ ಕಾಯಿಲೆಯವನು ಅಂದುಕೊಂಡರೆ ದಾರಿ ಬಿಡಿ. ಬಂಟ ಅಂತಲೇ ಅಂದುಕೊಂಡರೆ ಮಾತು ಮುರಿದವನು ನಾನು. ನಮ್ಮಿಬ್ಬರನ್ನೂ ಇಟ್ಟುಕೊಳ್ಳಿ. ಹಿಂದಿನ ಗಾಡಿಯವರದು ಇದರಲ್ಲಿ ಏನೂ ಇಲ್ಲ."

ಸೂರಪ್ಪನಾಯಕ ಗಾಡಿಯ ಹಿಂಬದಿಗೆ ಬಂದ. ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿಸಿದ. ನಾತಕ್ಕೆ ಪಕ್ಕದಲ್ಲಿದ್ದ ಬಂಟ ಮೂಗು ಮುಚ್ಚಿಕೊಂಡ.

"ಯಾವ ಬಾಗಿಲಲ್ಲಿ ಇದ್ದೆ?" ಎಂದು ನಾಯಕ ಗಾದ್ರಪ್ಪನನ್ನೇ ಕೇಳಿದ.

"ಮೂಡಣ ಬಾಗಿಲು," ಎಂದ ಗಾದ್ರಪ್ಪ ಕ್ಷೀಣವಾಗಿ.

ನಾಯಕನ ದವಡೆ ಬಿಗಿಯಿತು. ಮೂಡಣ ಬಾಗಿಲಲ್ಲಿ ಅವನ ಕಡೆಯವರೂ ಸತ್ತಿದ್ದರು.  

ಕೊನೆಗೆ ನಾಯಕ ಚಿತ್ತಯ್ಯನತ್ತ ತಿರುಗಿ ಕೇಳಿದ. "ಈ ಕಾಳಗ ಮುಗಿಯೋವರೆಗೂ ಇವನು ಮತ್ತೆ ಕತ್ತಿ ಮುಟ್ಟಿದರೆ?"

"ನನ್ನ ತಲೆ ತೆಗೆಯಿರಿ," ಎಂದ ಚಿತ್ತಯ್ಯ.

"ಕಂಟಿ ಸರಿಸ್ರೋ," ಎಂದ ನಾಯಕ.

ಒಬ್ಬ ಬಂಟ ಮುಂದೆ ಬಂದು, "ಉಳಿದ ಗಾಡಿಗಳ ಹುಲ್ಲಿಗೆ ಈಟಿ ಚುಚ್ಚಿ ನೋಡಬೇಕಂತ ಅಪ್ಪಣೆ ಆಗಿದೆಯಲ್ಲಾ ಸ್ವಾಮೀ?" ಎಂದ.

"ಬೇಡ. ಇದ್ದದ್ದನ್ನ ಇವನೇ ಹೇಳಿದ್ದಾನೆ. ಇನ್ನು ಚುಚ್ಚಿ ನೋಡೋದು ಏನಿದೆ?"

ಹಿಂದಿನ ಗಾಡಿಗಳು ಒಂದೊಂದಾಗಿ ದಾಟಿದವು. ಬಿಸಿಲು ತಾಗದಂತೆ ತಾಯಂದಿರು ಎಳೆಯ ಮಕ್ಕಳನ್ನು ಅದೇ ಹುಲ್ಲಿನ ಮರೆಯಲ್ಲಿ ಮಲಗಿಸಿದ್ದರು. ಈಟಿ ಚುಚ್ಚಿದ್ದರೆ ಆ ಮಕ್ಕಳಿಗೇ ತಾಗುತ್ತಿತ್ತೆಂದು ನೆನೆದ ಮುದ್ದಣ್ಣ ಹೊಳೆ ದಾಟುವವರೆಗೂ ಹಿಂದಿರುಗಿ ಹುಲ್ಲನ್ನೇ ನೋಡುತ್ತಿದ್ದ.

ನೇರಳೆಪಟ್ಟಣದ ವೈದ್ಯರು ಗಾದ್ರಪ್ಪನ ಕಾಲನ್ನು ಕತ್ತರಿಸಬೇಕಾಯಿತು. ಜೀವ ಉಳಿಯಿತು. ಮರುದಿನವೂ ದಾರಿ ತೆರೆದೇ ಇತ್ತು. ಚಿತ್ತಯ್ಯನ ಹೆಂಡತಿ, ಮಗಳು, ಊರಿಂದ ಹೊರಡಬೇಕಿದ್ದ ಉಳಿದವರು ಎಲ್ಲರೂ ದಾಟಿದರು. ಠಾಣೆಯಲ್ಲಿ ಯಾರೂ ಗಾಡಿ ತಡಕಲಿಲ್ಲ.

ಮಾರಕ್ಕ ಮಾತ್ರ ಸುಲಭಕ್ಕೆ ಕ್ಷಮಿಸಲಿಲ್ಲ. ನೇರಳೆಪಟ್ಟಣದ ಛತ್ರದ ಜಗಲಿಯಲ್ಲಿ ಚಿತ್ತಯ್ಯ ಎದುರಾದಾಗ ಅವಳೆಂದಳು: "ನನ್ನ ಮಗನ ಕುತ್ತಿಗೆಯನ್ನ ಪಣಕ್ಕಿಟ್ಟೆ ನೀನು."

"ಹೌದಜ್ಜೀ," ಎಂದ ಚಿತ್ತಯ್ಯ. "ಅದರ ಪಕ್ಕದಲ್ಲೇ ನನ್ನದನ್ನೂ ಇಟ್ಟಿದ್ದೆ."

ಮುದುಕಿ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಜಗಲಿಯಲ್ಲಿ ಸ್ವಲ್ಪ ಸರಿದು, ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.

ನೀತಿ: ನಿಜ ಹೇಳುವುದು ಬೇರೆ, ಹಿಡಿದುಕೊಡುವುದು ಬೇರೆ. ಇನ್ನೊಬ್ಬರ ಜೀವಕ್ಕೆ ಕುತ್ತಾಗಬಹುದಾದ ನಿಜ ಹೇಳಬೇಕಾಗಿ ಬಂದಾಗ ದೂರ ನಿಂತು ಬೆರಳು ತೋರಿಸಬೇಡಿ, ಅವರ ಪಕ್ಕದಲ್ಲಿ ಕೂತು ಹೇಳಿ. ಅಂಥ ಮಾತನ್ನು ಹಗೆಯೂ ನಂಬುತ್ತಾನೆ. ಆ ನಂಬಿಕೆಯಿಂದಲೇ ಹಿಂದೆ ಬರುವವರಿಗೂ ದಾರಿ ತೆರೆದಿರುತ್ತದೆ.